ಹಳೆ ಸಂತೆಯಲ್ಲಿ ಸಿಕ್ಕಿದ್ದು, ಸಿಗದೇ ಹೋದದ್ದು

ನನ್ನ ಕೊರಳಿನ ಹಾರದಲ್ಲಿ ಒಂಬತ್ತು ಬೀಗದ ಕೈಗಳಿವೆ. ಒಂದೂ ನಮ್ಮ ಮನೆಯದಲ್ಲ. ಯಾರ ಪೆಟ್ಟಿಗೆಯವೋ, ಯಾರ ಕಪಾಟಿನವೋ, ಬೀಗಗಳನ್ನು ಕಳೆದುಕೊಂಡು ಸಂತೆಗೆ ಬಂದವು. ಅವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ, ನಡುನಡುವೆ ಮಣಿ ಪೋಣಿಸಿ, ಕಪ್ಪು ದಾರಕ್ಕೆ ಕಟ್ಟಿ ಹಾಕಿಕೊಂಡಿದ್ದೇನೆ. ನೋಡಿದವರಲ್ಲಿ ಅರ್ಧ ಜನ ಎಲ್ಲಿ ತೆಗೆದುಕೊಂಡಿರಿ ಎಂದು ಕೇಳುತ್ತಾರೆ. ಉಳಿದರ್ಧ ಜನ ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಕೇಳುತ್ತಾರೆ. ಈ ಎರಡನೆಯ ಗುಂಪಿನಲ್ಲಿ ನನ್ನ ಗಂಡನೂ ಇದ್ದಾರೆ.

ಹೈದರಾಬಾದಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬೇಗಂಪೇಟೆಯ ಒಂದು ಓಣಿಯಲ್ಲಿ ನಮ್ಮ ಮನೆ. ಭಾನುವಾರ ಬೆಳಿಗ್ಗೆ ಬೇರೆಯವರು ದೇವಸ್ಥಾನಕ್ಕೋ ಇರಾನಿ ಚಹಾಕ್ಕೋ ಹೊರಟರೆ, ನಾನು ಎರಡು ಚೀಲ ಹಿಡಿದು ಅಮೀರ್‌ಪೇಟ್‌ನಲ್ಲಿ ಮೆಟ್ರೋ ಬದಲಿಸಿ ಎರ್ರಗಡ್ಡದ ಹಳೆ ಸಾಮಾನಿನ ಸಂತೆಗೆ ಹೋಗುತ್ತೇನೆ. ರಸ್ತೆಯ ಬದಿಯಲ್ಲಿ ಚಾದರ ಹಾಸಿ, ಅದರ ಮೇಲೆ ಲೋಕದ ಸಂಸಾರವನ್ನೆಲ್ಲ ಸುರಿದಿರುತ್ತಾರೆ. ನಿಂತ ಗಡಿಯಾರ, ಒಂಟಿ ಜುಮುಕಿ, ಕೋಟಿನ ಗುಂಡಿ, ಪರದೆಯ ಉಂಗುರ, ಯಾರದೋ ಮದುವೆಯ ಶೇರ್ವಾನಿ. ಬರುವಾಗ ಮೆಟ್ರೋದಲ್ಲಿ ನನ್ನ ಎಡಬಲಕ್ಕೆ ಕೋಚಿಂಗ್ ಮಕ್ಕಳು. ಅವರ ಚೀಲದಲ್ಲಿ ಭವಿಷ್ಯ, ನನ್ನ ಚೀಲದಲ್ಲಿ ಬೇರೆಯವರ ಭೂತಕಾಲ.

ಆ ಚೀಲ ಒಮ್ಮೆ ನಿಲ್ದಾಣದ ತಪಾಸಣೆಯ ಯಂತ್ರದೊಳಗೆ ಹೋಯಿತು, ಹೊರಗೆ ಬರಲಿಲ್ಲ. ಪಟ್ಟಿ ನಿಂತಿತು. ಪರದೆಯ ಮೇಲೆ ಏಳು ಕೈಗಡಿಯಾರ, ಒಂದು ರಾಶಿ ಬೀಗದ ಕೈ, ಸುರುಳಿ ಸುತ್ತಿದ ತಂತಿ ಕಂಡರೆ ಯಾವ ಪೊಲೀಸನಾದರೂ ಏನೆಂದುಕೊಳ್ಳಬೇಕು?

"ಅಮ್ಮಾ, ಯೇ ಕ್ಯಾ ಹೈ?" ಎಂದ.

"ನೆಕ್ಲೆಸ್" ಎಂದೆ.

ಅವನು ಪರದೆಯನ್ನೂ ನನ್ನನ್ನೂ ಎರಡೆರಡು ಸಲ ನೋಡಿ, ಪಕ್ಕದವನನ್ನು ಕರೆದ. ಆತನೂ ನೋಡಿದ. ಕೊನೆಗೆ ನಾನು ಕೊರಳಿನ ಹಾರವನ್ನು ಸೆರಗಿನಿಂದ ಹೊರಗೆ ತೆಗೆದು ತೋರಿಸಿದ ಮೇಲೆ ಇಬ್ಬರೂ ಕನಿಕರದಿಂದ ಬಿಟ್ಟುಕೊಟ್ಟರು. ಕಲೆಗೆ ಅಷ್ಟು ಬೇಗ ಮನ್ನಣೆ ಸಿಕ್ಕಿದ್ದು ಅದೊಂದೇ ಸಲ.

ಹಾರದಿಂದ ಶುರುವಾದದ್ದು ವೇಷಭೂಷಣಕ್ಕೆ ಬೆಳೆಯಿತು. ನಮ್ಮ ಕಡೆಯ ಕನ್ನಡದವರದ್ದೊಂದು ಸಣ್ಣ ಬಳಗವಿದೆ. ನವೆಂಬರ್‌ನಲ್ಲಿ ಮಕ್ಕಳಿಂದ ನಾಟಕ ಆಡಿಸುತ್ತೇವೆ. ಅದರ ವೇಷಭೂಷಣ ಸಮಿತಿಗೆ ನಾನೇ ಅಧ್ಯಕ್ಷೆ, ನಾನೇ ಸದಸ್ಯೆ, ಸೂಜಿಗೆ ದಾರ ಪೋಣಿಸುವವಳೂ ನಾನೇ. ಶೇರ್ವಾನಿಯನ್ನು ಕತ್ತರಿಸಿ ಮಂತ್ರಿಯ ಅಂಗಿ ಮಾಡಿದೆ. ಪರದೆಯ ಉಂಗುರಗಳು ಸೇನಾಧಿಪತಿಯ ಕವಚವಾದವು. ತರಕಾರಿ ಬೇಯಿಸಲು ಪಾತ್ರೆಯೊಳಗೆ ಇಡುತ್ತಾರಲ್ಲ, ಹೂವಿನಂತೆ ಬಿಚ್ಚಿಕೊಳ್ಳುವ ಸ್ಟೀಲಿನ ತಟ್ಟೆ, ಅದಕ್ಕೆ ಜರಿ ಅಂಟಿಸಿ ರಾಜನಿಗೆ ಕಿರೀಟ ಮಾಡಿದೆ. ನಾಟಕ ಮುಗಿದು ರಾಜ ತಲೆಬಾಗಿ ನಮಸ್ಕಾರ ಮಾಡಿದಾಗ ಆ ದಳಗಳು ಒಂದೊಂದಾಗಿ ಮಡಚಿಕೊಂಡು ಅವನ ತಲೆಯನ್ನು ಹಿಡಿದುಬಿಟ್ಟವು. ಬಿಡಿಸಲು ಇಬ್ಬರು ಬೇಕಾಯಿತು. ಆದರೂ ಜನ ಚಪ್ಪಾಳೆ ತಟ್ಟಿದರು. ಬಳಗದ ಅಧ್ಯಕ್ಷರು ನನ್ನನ್ನು ವೇದಿಕೆಗೆ ಕರೆದು, ಕಸದಲ್ಲಿ ರಸ ಕಂಡ ಕಲಾವಿದೆ ಎಂದು ಶಾಲು ಹೊದಿಸಿದರು. ನಾನು ಶಾಲಿನ ಅಂಚನ್ನು ಮುಟ್ಟಿ ನೋಡಿ, ಇದರಲ್ಲಿ ಇಬ್ಬರು ರಾಜಕುಮಾರರ ನಡುಪಟ್ಟಿ ಆಗುತ್ತದೆ ಎಂದುಕೊಂಡೆ.

ಮೊದಲ ಸಾಲಿನಲ್ಲಿ ಕುಳಿತಿದ್ದ ನನ್ನ ಅತ್ತೆ ಮಾತ್ರ ಚಪ್ಪಾಳೆ ತಟ್ಟಲಿಲ್ಲ.

ಅತ್ತೆ ಲಿಂಗಸುಗೂರು ಕಡೆಯವರು. ಎಪ್ಪತ್ತೆಂಟು ವರ್ಷ, ನೆಟ್ಟಗೆ ಬೆನ್ನು, ನೆಟ್ಟಗೆ ಮಾತು. ನಾನು ಸಂತೆಯಿಂದ ಬಂದರೆ ಚೀಲವನ್ನು ಹೊಸ್ತಿಲ ಹೊರಗೇ ಇಡಬೇಕು. "ಯಾರು ಉಟ್ಟದ್ದೋ, ಯಾರು ತೊಟ್ಟದ್ದೋ. ಇದ್ದವರದೋ ಸತ್ತವರದೋ. ಮಂದಿ ಮೈಮ್ಯಾಲಿಂದು ನಮಗ್ಯಾಕ ಬೇಕವ್ವ?" ಎನ್ನುತ್ತಾರೆ.

ನನ್ನ ಬಳಿ ಇದಕ್ಕೆ ಶಾಸ್ತ್ರೋಕ್ತವಾದ ಉತ್ತರವಿದೆ. ಮುತ್ತಿನ ಊರಿನಲ್ಲಿ ಇದ್ದುಕೊಂಡು ಹೊಸ ವಸ್ತುವಿನ ಮಾತಾಡಬಾರದು. ಮುತ್ತು ಎಂದರೆ ಸಿಂಪಿಯ ಮೈಮೇಲಿನದು. ಅದನ್ನು ಕೇಳಿ ತಂದವರು ಯಾರೂ ಇಲ್ಲ. ರೇಷ್ಮೆ ಹುಳುವಿನ ಮನೆ, ಉಣ್ಣೆ ಕುರಿಯ ಅಂಗಿ. ದೇವರನ್ನೇ ನೋಡಿ: ಕೃಷ್ಣ ತಲೆಗೆ ಸಿಕ್ಕಿಸಿಕೊಂಡದ್ದು ನವಿಲು ಉದುರಿಸಿದ ಗರಿ. ಶಿವನಂತೂ ನನ್ನ ಸಂತೆಯ ಖಾಯಂ ಗಿರಾಕಿಯ ಹಾಗೆ ಆನೆಯ ಚರ್ಮ, ಸುಟ್ಟ ಬೂದಿ, ತಲೆಬುರುಡೆ, ಮೇಲೊಂದು ಹಾವನ್ನು ಹಾಕಿಕೊಂಡು, ಅಷ್ಟರಲ್ಲೇ ಮೂರು ಲೋಕ ಮೆಚ್ಚುವಂತೆ ಸಿಂಗಾರವಾಗಿದ್ದಾನೆ. ಇದನ್ನೆಲ್ಲ ಅತ್ತೆಗೆ ಹೇಳಿದೆ. "ಅಂವಾ ಸ್ಮಶಾನದಾಗ ಇರತಾನ. ನೀ ನನ್ನ ಮಗನ ಮನ್ಯಾಗ ಅದಿ" ಎಂದರು. ಅಲ್ಲಿಗೆ ನನ್ನ ಶಾಸ್ತ್ರ ಮುಗಿಯಿತು.

ಈಗ ನಿಮಗೊಂದು ಗುಟ್ಟು ಹೇಳಬೇಕು. ನಾನು ಆ ಸಂತೆಗೆ ಮೊದಲ ಸಲ ಹೋದದ್ದು ಕಲೆಗಾಗಿ ಅಲ್ಲ, ಒಂದು ಸೀರೆ ಹುಡುಕಲು.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಓಣಿಯಲ್ಲಿ "ಪಾತ ಬಟ್ಟಲಕು ಸ್ಟೀಲು ಸಾಮಾನ್ಲು" ಎಂಬ ಕೂಗು ಕೇಳಿತು. ಹಳೆ ಬಟ್ಟೆ ಕೊಟ್ಟರೆ ಸ್ಟೀಲು ಪಾತ್ರೆ ಕೊಡುವ ಹೆಂಗಸು. ಅತ್ತೆ ಮಗಳ ಊರಿಗೆ ಹೋಗಿದ್ದರು. ನಾನು ಗಂಡನ ಹಳೆ ಪ್ಯಾಂಟು, ಮಗಳ ಹಳೆ ಫ್ರಾಕು ಎಲ್ಲ ಗುಡ್ಡೆ ಹಾಕಿದೆ. ಗಂಟು ಕಟ್ಟಲು ಬಟ್ಟೆ ಬೇಕಾಯಿತು. ಕಪಾಟಿನ ಮೇಲೆ ಒಂದು ಮಾಸಲು ಸೀರೆ ಮಡಿಸಿ ಇಟ್ಟಿತ್ತು. ಎಳೆದು, ಅದರಲ್ಲೇ ಗಂಟು ಕಟ್ಟಿ, ಗಂಟಿನ ಸಮೇತ ಕೊಟ್ಟುಬಿಟ್ಟೆ. ಆಕೆ ಒಂದು ಡಬ್ಬಿ ಕೊಟ್ಟಳು. ಚೌಕಾಸಿಯಲ್ಲಿ ಗೆದ್ದೆನೆಂದು ದಿನವಿಡೀ ಹಿಗ್ಗಿದೆ.

ಅತ್ತೆ ಊರಿಂದ ಬಂದವರು ಮೊದಲು ನೋಡಿದ್ದೇ ಕಪಾಟಿನ ಮೇಲೆ. ಅದು ಅವರ ಅವ್ವನ ಇಳಕಲ್ ಸೀರೆಯಂತೆ. ಹಸಿರು ಒಡಲು, ಕೆಂಪು ಸೆರಗು. ಒಮ್ಮೆ ಒಲೆಯ ಕಿಡಿ ಸಿಡಿದು ದಡಿಯ ಹತ್ತಿರ ತೂತಾಗಿತ್ತಂತೆ, ಅದಕ್ಕೆ ಅವ್ವ ಕೆಂಪು ದಾರದಲ್ಲಿ ರಫು ಹಾಕಿದ್ದಳಂತೆ. ಮೊಮ್ಮಗಳಿಗೊಂದು ಕೌದಿ ಹೊಲಿಯಬೇಕೆಂದು ಮನೆಯವರ ಹಳೆ ಸೀರೆಗಳನ್ನೆಲ್ಲ ಅತ್ತೆ ಕೂಡಿಸಿದ್ದರು. ಎಲ್ಲಕ್ಕಿಂತ ಮೇಲಿನ ಪದರಕ್ಕೆ ಅವ್ವನ ಸೀರೆ ಬರಬೇಕೆಂದು ಬೇರೆಯಾಗಿ ತೆಗೆದಿಟ್ಟಿದ್ದರು.

"ಕಪಾಟಿನ ಮ್ಯಾಲೆ ಒಂದು ಸೀರಿ ಇತ್ತಲ್ಲ, ನೋಡಿಯೇನು?" ಎಂದು ಕೇಳಿದರು.

"ಇಲ್ಲರಿ ಅತ್ತಿ" ಎಂದೆ.

ಎರಡೇ ಮಾತು. ಹೇಳಿ ಮುಗಿದ ಮೇಲೆ ಹಿಂದಕ್ಕೆ ತೆಗೆದುಕೊಳ್ಳಲು ಆಗಲಿಲ್ಲ. ಅವರು ಪೆಟ್ಟಿಗೆ, ಮಂಚದ ಕೆಳಗೆ, ಅಟ್ಟ ಎಲ್ಲ ಹುಡುಕಿದರು. ನಾನೂ ಅವರ ಜೊತೆ ನಿಂತು ಹುಡುಕಿದೆ. ಇದಕ್ಕಿಂತ ನಾಚಿಕೆಗೇಡಿನ ಕೆಲಸವನ್ನು ನಾನು ಜೀವನದಲ್ಲಿ ಮಾಡಿಲ್ಲ. ಅವ್ವನ ಸೀರೆ ಸಿಗದೆ ಕೌದಿ ಹೊಲಿಯುವುದಿಲ್ಲ ಎಂದು ಅತ್ತೆ ಉಳಿದ ಸೀರೆಗಳನ್ನು ಮಂಚದ ಕೆಳಗೆ ಸರಿಸಿದರು. ಅವು ಅಲ್ಲೇ ಉಳಿದವು.

ಹಳೆ ಬಟ್ಟೆಗಳೆಲ್ಲ ಕೊನೆಗೆ ಸಂತೆಗೆ ಬರುತ್ತವೆ ಎಂದು ಯಾರೋ ಹೇಳಿದರು. ಅದಕ್ಕೇ ಹೋದೆ. ಸೀರೆ ಸಿಗಲಿಲ್ಲ. ಬರಿಗೈಯಲ್ಲಿ ಬಂದರೆ ಎಲ್ಲಿಗೆ ಹೋಗಿದ್ದೆ ಎಂಬ ಪ್ರಶ್ನೆ ಬರುತ್ತದಲ್ಲ, ಅದಕ್ಕೊಂದು ಹಿಡಿ ಬೀಗದ ಕೈ ತಂದೆ. ಬೀಗದ ಕೈ ಯಾಕೆ ಎಂದು ಗಂಡ ಕೇಳಿದರು. ಹಾರ ಮಾಡುತ್ತೇನೆ ಎಂದೆ. ಹೇಳಿದ ಮೇಲೆ ಮಾಡಲೇಬೇಕಾಯಿತು. ಶಾಲು ಹೊದಿಸಿದ ಅಧ್ಯಕ್ಷರಿಗೆ ಗೊತ್ತಿಲ್ಲ, ನನ್ನ ಕಲೆಯೆಲ್ಲ ಒಂದು ಸುಳ್ಳಿನ ಮೇಲೆ ಹೊದಿಸಿದ ಶಾಲು.

ಕಳೆದ ವರ್ಷ ನಾಟಕದಲ್ಲಿ ಅಜ್ಜಿಯ ಪಾತ್ರವೊಂದಿತ್ತು. ಸೀರೆ ಹುಡುಕುತ್ತ ಸಂತೆಗೆ ಹೋದೆ. ಒಂದು ಚಾದರದ ಮೂಲೆಯಲ್ಲಿ, ಜೀನ್ಸ್ ಪ್ಯಾಂಟುಗಳ ಅಡಿಯಲ್ಲಿ, ಹಸಿರು ಒಡಲು, ಕೆಂಪು ಸೆರಗು ಕಂಡಿತು. ಅಲ್ಲೇ ರಸ್ತೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಇಡೀ ದಡಿಯನ್ನು ಮೊಳ ಮೊಳ ಹಿಡಿದು ನೋಡಿದೆ. ಕೆಂಪು ರಫು ಇರಲಿಲ್ಲ.

ಇಲ್ಲದಿದ್ದರೇನು? ವೇಷಭೂಷಣ ಸಮಿತಿಯ ಅಧ್ಯಕ್ಷೆ ನಾನು. ಶೇರ್ವಾನಿಯನ್ನು ಮಂತ್ರಿ ಮಾಡಿದವಳು, ಒಂದು ಸೀರೆಯನ್ನು ಇನ್ನೊಂದು ಸೀರೆಯಾಗಿಸಲಾರೆನೆ? ಮನೆಗೆ ತಂದು, ಒಗೆದು, ಊದುಬತ್ತಿಯ ತುದಿಯಿಂದ ದಡಿಯ ಹತ್ತಿರ ಒಂದು ತೂತು ಸುಟ್ಟೆ. ಕೆಂಪು ದಾರದಲ್ಲಿ ರಫು ಹಾಕಿದೆ. ಹೊಸದಾಗಿ ಕಾಣಬಾರದೆಂದು ದಾರವನ್ನು ಚಹಾದ ಡಿಕಾಕ್ಷನ್‌ನಲ್ಲಿ ಅದ್ದಿದ್ದೆ. ನನ್ನ ಕೈಯಿಂದ ಅಷ್ಟು ಚೆಂದದ ಕೆಲಸ ಅದುವರೆಗೆ ಆಗಿರಲಿಲ್ಲ. ಅಟ್ಟದ ಮೂಲೆಯಲ್ಲಿ ಸಿಕ್ಕಿತು ಎಂದು ಅತ್ತೆಯ ಮಡಿಲಿಗೆ ಇಟ್ಟೆ.

ಅತ್ತೆ ಬಾಗಿಲ ಬೆಳಕಿಗೆ ಸರಿದು ಕೂತರು. ಸೀರೆಯನ್ನು ಮೂಸಿದರು. ಸೆರಗು ನೋಡಿದರು, ದಡಿ ನೋಡಿದರು, ರಫುವಿನ ಮೇಲೆ ಹೆಬ್ಬೆರಳು ಆಡಿಸಿದರು. ಆಡಿಸಿದ ಬೆರಳು ಅಲ್ಲೇ ನಿಂತಿತು.

"ನಮ್ಮವ್ವ ಎಡಚಿ ಇದ್ಲು" ಎಂದರು. "ಎಡಗೈಲೆ ಹೊಲೀತಿದ್ಲು. ಆಕಿ ಟಾಕಿ ಎಲ್ಲಾ ಈ ಕಡೆ ವಾಲತಿದ್ವು. ಇವು ಆ ಕಡೆ ವಾಲ್ಯಾವ. ಇವು ಮಂತ್ರಿ ಅಂಗೀ ಮ್ಯಾಲೆ ನೋಡೀನಿ. ಇದು ನಿನ್ನ ಹೊಲಿಗಿ."

ಆಮೇಲೆ ಎಲ್ಲ ಹೇಳಿದೆ. ಗಂಟು, ಕೂಗು, ಮೂರು ವರ್ಷದ ಭಾನುವಾರಗಳು. ಹೇಳುತ್ತ ಅತ್ತುಬಿಟ್ಟೆ. ಐವತ್ತರ ಹೆಂಗಸು ಎಡವಿ ಬಿದ್ದ ಹುಡುಗಿಯ ಹಾಗೆ ಬಿಕ್ಕಿದೆ. ಅತ್ತೆ ಅಳಲಿಲ್ಲ, ಬೈಯಲೂ ಇಲ್ಲ.

"ಅದಕ್ಕ ಏನ ಕೊಟ್ಲು ಆಕಿ?" ಎಂದರು.

ಅಡಿಗೆಮನೆಯಿಂದ ಡಬ್ಬಿ ತಂದು ಎದುರಿಗೆ ಇಟ್ಟೆ. ಮೂರು ವರ್ಷದಿಂದ ದಿನವೂ ಅವರು ಒಗ್ಗರಣೆ ಅವಲಕ್ಕಿ ತೆಗೆದು ತಿನ್ನುತ್ತಿದ್ದ ಡಬ್ಬಿ. ಅತ್ತೆ ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಮುಚ್ಚಳ ತೆಗೆದರು, ಹಾಕಿದರು. ಅದು ಎಂದಿನಂತೆ ಒಂದು ಕಡೆ ಕೂತು ಇನ್ನೊಂದು ಕಡೆ ಎದ್ದಿತು.

"ನಮ್ಮವ್ವನ ಸೀರಿಗೆ ಇದಾ? ಮುಚ್ಚಳ ಸೈತ ಸರಿ ಕೂಡೂದಿಲ್ಲ. ಒಂದು ಕೊಡನರ ಕೇಳಬಾರದೇನ ನೀ? ಇಷ್ಟು ವರ್ಷ ಹೈದರಾಬಾದಿನ್ಯಾಗ ಇದ್ದು ಏನ ಕಲ್ತಿ?"

ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ. ಡಬ್ಬಿಯ ಅವಲಕ್ಕಿಯನ್ನೂ ಮುಟ್ಟಲಿಲ್ಲ. ಆ ಎರಡು ದಿನ ನನಗೆ ಆ ಮೂರು ವರ್ಷಕ್ಕಿಂತ ಭಾರವಾದವು, ಆದರೂ ಹೇಗೋ ಉಸಿರು ಸರಾಗವಾಗಿತ್ತು. ಮೂರನೆಯ ದಿನ ಊಟವಾದ ಮೇಲೆ ನೋಡಿದರೆ ಮಂಚದ ಕೆಳಗಿನ ಸೀರೆಗಳೆಲ್ಲ ಹೊರಗೆ ಬಂದು ಪಡಸಾಲೆಯಲ್ಲಿ ಪದರ ಪದರವಾಗಿ ಹಾಸಿದ್ದವು. ಎಲ್ಲಕ್ಕಿಂತ ಮೇಲೆ ಸಂತೆಯ ಸೀರೆ.

"ಇದು ಮಂದೀದಲ್ಲರಿ ಅತ್ತಿ?" ಎಂದೆ ಮೆಲ್ಲಗೆ.

"ಹೌದು. ಯಾರದೋ ಅವ್ವಂದು. ಆಕಿ ಸೊಸಿನೂ ನಿನ್ನಂಗ ಒಂದು ಡಬ್ಬಿ ತಗೊಂಡಿರಬೇಕು" ಎಂದು ಸೂಜಿಗೆ ದಾರ ಪೋಣಿಸಲು ನನ್ನ ಕೈಗೆ ಕೊಟ್ಟರು.

ನಾನು ರಫು ಬಿಚ್ಚಲು ಹೋದೆ. ಬೇಡ ಎಂದರು. ಸುಳ್ಳಾದರೂ ಕಷ್ಟಪಟ್ಟು ಹೊಲಿದಿದ್ದೀ, ಇರಲಿ ಎಂದರು. ಒಂದು ತಿಂಗಳು ದಿನವೂ ಮಧ್ಯಾಹ್ನ ಇಬ್ಬರೂ ಎದುರುಬದುರು ಕೂತು ಹೊಲಿದೆವು. ಅತ್ತೆಯ ತವರಿನ ಪದ್ಧತಿಯಂತೆ ಕೌದಿಯ ಕೊನೆಯ ಮೂಲೆಯನ್ನು ಹೊಲಿದು ಮುಚ್ಚುವ ಮೊದಲು ಒಳಗೆ ಒಂದು ಚೂರು ರೊಟ್ಟಿ ಇಡಬೇಕು. ಕೌದಿಯನ್ನು ಖಾಲಿ ಹೊಟ್ಟೆಯಲ್ಲಿ ಬಿಡಬಾರದಂತೆ. ನಾನು ಒಂದು ಚೂರು ಮುರಿದುಕೊಟ್ಟೆ. ಅತ್ತೆ ಇನ್ನೊಂದು ಚೂರು ಕೇಳಿದರು. ಒಂದು ನಮ್ಮವ್ವಂದು, ಒಂದು ಇಕಿದು ಎಂದು ಸಂತೆಯ ಸೀರೆಯನ್ನು ತಟ್ಟಿ, ಎರಡನ್ನೂ ಒಳಗಿಟ್ಟು ಹೊಲಿದರು.

ಅಂದಿನಿಂದ ಸಂತೆಯಲ್ಲಿ ಏನು ಕೈಗೆತ್ತಿಕೊಂಡರೂ ಇದನ್ನು ಯಾವ ಮನೆಯಲ್ಲಿ ಯಾರು ಹುಡುಕುತ್ತಿದ್ದಾರೋ ಅನ್ನಿಸುತ್ತದೆ. ಬೀಗದ ಕೈಗಳನ್ನು ಕೊರಳಿಗೆ ಹಾಕಿಕೊಳ್ಳುವಾಗ ಒಂದು ನಿಮಿಷ ಎಣಿಸುತ್ತೇನೆ. ಯಾರಾದರೂ ಗುರುತು ಹಿಡಿದು ಕೇಳಿದರೆ ಅಲ್ಲೇ ದಾರ ಹರಿದು ಕೊಟ್ಟುಬಿಡಬೇಕೆಂದು ನಿರ್ಧಾರ ಮಾಡಿದ್ದೇನೆ. ಇದುವರೆಗೆ ಯಾರೂ ಕೇಳಿಲ್ಲ.

ಹೋದ ಭಾನುವಾರ ಎಂದಿನಂತೆ ಚೀಲ ಹಿಡಿದು ಹೊರಟಿದ್ದೆ. ಅತ್ತೆ ಅವಲಕ್ಕಿ ತಿನ್ನುತ್ತ ಕೂತಿದ್ದರು, ಅದೇ ಡಬ್ಬಿ ಪಕ್ಕದಲ್ಲಿತ್ತು.

"ಸೀರಿ ಸಿಕ್ಕರ ತಗೊಂಡ ಬಾ" ಎಂದರು. "ಸಿಗದಿದ್ರ, ಈ ಡಬ್ಬಿಗೆ ಕೂಡೂವಂಥ ಒಂದು ಮುಚ್ಚಳರ ನೋಡು."