ಓರೆ ಅಕ್ಷರ ನೇರವಾದಾಗ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಓರೆಯಕ್ಕ ಎಂದೇ ಕರೆಯುತ್ತಿದ್ದರು. ನಡಿಗೆ ಓರೆ ಅಂತಲ್ಲ, ಮಾತು ಓರೆ ಅಂತಲೂ ಅಲ್ಲ. ಕಚೇರಿ, ಆಸ್ಪತ್ರೆಗಳ ಫೋನಿಗೆ, ಯಾರೂ ಎತ್ತದ ಕರೆಯ ಸಂದೇಶ ಹಿಡಿದಿಡುವ ವಾಯ್ಸ್‌ಮೇಲ್ ಯಂತ್ರ ಜೋಡಿಸುವುದು ಹೇಗೆಂದು ತಿಳಿಸುವ ಕೈಪಿಡಿಗಳ ಕರಡು ತಿದ್ದುವುದು ಅವಳ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ, ಅದೇ ಕಿಟಕಿ, ಕಿಟಕಿಯಾಚೆ ಅದೇ ನೀರಿನ ಟ್ಯಾಂಕು. ಓರೆಯಾಗಿ ಬರಬೇಕಾದ ಅಕ್ಷರವೊಂದು ನೆಟ್ಟಗೆ ನಿಂತಿದ್ದರೆ, ಜಪ್ಪಯ್ಯ ಅಂದರೂ ಆ ಪುಟವನ್ನು ಮುಂದಕ್ಕೆ ಬಿಡುತ್ತಿರಲಿಲ್ಲ.

ಪ್ರತಿ ಕೈಪಿಡಿಯ ಆರಂಭದಲ್ಲಿ ಯಾರೂ ಓದದ ಪುಟವೊಂದಿರುತ್ತಿತ್ತು. ಒತ್ತಬೇಕಾದ ಗುಂಡಿಯ ಹೆಸರು ದಪ್ಪ ಅಕ್ಷರದಲ್ಲಿ. ಇದ್ದದ್ದನ್ನು ಇದ್ದಂತೆ ಹೊಡೆಯಬೇಕಾದದ್ದು ಟೈಪ್‌ರೈಟರ್ ಅಕ್ಷರದಲ್ಲಿ. ಬರೀ ಉದಾಹರಣೆಗೆ ಕೊಟ್ಟದ್ದು, ಅಂದರೆ ಅದನ್ನು ಬಿಟ್ಟು ನಿಮ್ಮ ಸಂಖ್ಯೆ ಹಾಕಬೇಕಾದದ್ದು, ಓರೆ ಅಕ್ಷರದಲ್ಲಿ. "ಪುಟ ಯಾರೂ ಓದಲ್ಲ. ಆದ್ರೆ ಕಣ್ಣು ಕಲ್ತುಬಿಡುತ್ತೆ," ಅನ್ನುತ್ತಿದ್ದಳು.

ಹೊಸದಾಗಿ ಬಂದ ಮ್ಯಾನೇಜರನಿಗೆ ಇದೆಲ್ಲ ತಲೆನೋವು ಅನಿಸಿತು. "ಮೂರು ಥರ ಯಾಕಕ್ಕ? ಎರಡು ಸಾಕು. ಮೊಬೈಲಲ್ಲಿ ಓದೋರಿಗೆ ಓರೆ ಅಕ್ಷರ ಕಣ್ಣಿಗೇ ಹತ್ತಲ್ಲ." ಓರೆ ಇದ್ದದ್ದೆಲ್ಲ ಟೈಪ್‌ರೈಟರ್ ಅಕ್ಷರದ ಪಾಲಾಯಿತು. ಹೀಗೆ ಮಾಡಬಾರದೆಂದು ಅವಳು ಎರಡು ಸಲ ಬರೆದುಕೊಟ್ಟಳು. ಮೂರನೇ ಸಲ ಹೋದಾಗ ಅವನು ತಲೆ ಎತ್ತಲಿಲ್ಲ. "ನಿಮ್ಮ ಸಹಿ ಒಂದೇ ಬಾಕಿ. ಆಗಲ್ಲ ಅಂದ್ರೆ ಹೇಳಿಬಿಡಿ, ಹಾಕೋರನ್ನ ನೋಡ್ಕೋತೀವಿ."

ಅವಳ ಗಂಡ ಬಸ್ಸು ಓಡಿಸುತ್ತಿದ್ದವನು; ಸಕ್ಕರೆ ಕಾಯಿಲೆಗೆ ಕಣ್ಣು ಕಳೆದುಕೊಂಡು ನಾಲ್ಕು ವರ್ಷವಾಗಿತ್ತು. ಮನೆ ನಡೆಯುತ್ತಿದ್ದದ್ದು ಅವಳೊಬ್ಬಳ ದುಡಿಮೆಯಲ್ಲಿ. ಓರೆಯಕ್ಕ ಸಹಿ ಹಾಕಿದಳು.

ಏಳು ವಾರದ ನಂತರ ಬೆಳಗ್ಗೆ ಫೋನ್ ಬಂತು. ಆ ಕಡೆ, ಯಂತ್ರ ಜೋಡಿಸುವ ಮೆಕ್ಯಾನಿಕ್.

"ಮೇಡಂ, ನಿಮ್ಮ ಪುಸ್ತಕದಲ್ಲಿ ಸಂದೇಶ ಬೀಳೋ ಪೆಟ್ಟಿಗೆ ಸಂಖ್ಯೆ ನಾಲ್ಕು ನಾಲ್ಕು ನಾಲ್ಕು ನಾಲ್ಕು ಅಂತಿದೆ. ಹಾಗೇ ಹೊಡ್ದೆ. ಅದು ಯಾರ ಪೆಟ್ಟಿಗೆ?"

ಓರೆ ಅಕ್ಷರದಲ್ಲಿ ಇರಬೇಕಿದ್ದ ಉದಾಹರಣೆ ಅದು. ಅದು ಯಾರ ಪೆಟ್ಟಿಗೆಯೂ ಅಲ್ಲ. ಯಂತ್ರದ ಜೊತೆ ಪರೀಕ್ಷೆಗೆಂದು ಬರುವಂಥದ್ದು. ತಪ್ಪಾಯಿತೆಂದು ಯಂತ್ರ ಹೇಳುವುದಿಲ್ಲ. ಕರೆ ಮಾಡಿದವರಿಗೆ, 'ನಿಮ್ಮ ಸಂದೇಶ ದಾಖಲಾಗಿದೆ, ಬೇಗನೆ ಸಂಪರ್ಕಿಸುತ್ತೇವೆ' ಎಂದು ಇಂಪಾಗಿ ನುಡಿಯುತ್ತದೆ. ತೆರೆದು ಕೇಳುವವರು ಮಾತ್ರ ಇಲ್ಲ.

"ಎಲ್ಲಿ ಹಾಕಿದ್ರಿ?"

"ಒಂದು ಸಣ್ಣ ಆಸ್ಪತ್ರೇಲಿ. ಡಾಕ್ಟರ್ ಇಲ್ದಾಗ ಬರೋ ಕರೆಗೆ. ಅರವತ್ತಮೂರು ಸಂದೇಶ ಬಿದ್ದಿವೆ, ಮೇಡಂ."

ಮಧ್ಯಾಹ್ನ ರಜೆ ಹೇಳಿ ಅಲ್ಲಿಗೆ ಹೋದಳು. ಮೆಟ್ಟಿಲ ಕೆಳಗಿನ ವಯರುಗಳ ಕೋಣೆಯಲ್ಲಿ ಮೆಕ್ಯಾನಿಕ್ ಒಂದೊಂದನ್ನೇ ಕೇಳಿಸಿದ. ಮಾತ್ರೆ ಬದಲಾಯಿಸಬೇಕಾ ಎಂದವರು, ನಾಳೆ ಬರಲೇ ಎಂದವರು. ನಡುವೆ ಒಬ್ಬ ಗಂಡಸಿನ ದನಿ ಐದು ಸಲ ಬಂತು. ಮೊದಲ ಸಲ, ಆಪರೇಷನ್ ಆದ ಹೆಂಡತಿಗೆ ಜ್ವರ ಎಂದ. ಎರಡನೇ ಸಲ ತನ್ನ ನಂಬರನ್ನು ನಿಧಾನವಾಗಿ, ಎರಡೆರಡು ಬಾರಿ ಹೇಳಿದ. ಹಿಂದಿನಿಂದ ಹೆಂಗಸಿನ ದನಿಯೊಂದು, "ನಡುಕ ಇದೆ ಅಂತಾನೂ ಹೇಳ್ರೀ," ಎನ್ನುತ್ತಿತ್ತು. ನಾಲ್ಕನೇದರಲ್ಲಿ ಆ ದನಿ ಇರಲಿಲ್ಲ. ಐದನೇದು ಬಹಳ ಚಿಕ್ಕದು: "ಇನ್ನು ಫೋನ್ ಮಾಡೋದು ಬೇಡ ಬಿಡಿ."

ಓರೆಯಕ್ಕ ಅವನ ನಂಬರನ್ನು ಬರೆದುಕೊಂಡು ಕಚೇರಿಗೆ ಮರಳಿದಳು.

ಆ ಕೈಪಿಡಿ ನಲವತ್ತೊಂದು ಕಡೆ ಹೋಗಿತ್ತು. ಎಲ್ಲರಿಗೂ ಈಗಲೇ ತಿಳಿಸಬೇಕೆಂದು ಅವಳು ಅಂಗಲಾಚಿದರೆ, ಮ್ಯಾನೇಜರ್ ಬಾಗಿಲು ಮುಂದಕ್ಕೆ ಹಾಕಿ ಕೂತ. "ವಕೀಲರನ್ನ ಕೇಳ್ದೆ ಯಾರೂ ಬಾಯಿ ಬಿಡೋ ಹಾಗಿಲ್ಲ. ಆ ಪೆಟ್ಟಿಗೇಲಿ ಇರೋದನ್ನೆಲ್ಲ ಅಳಿಸೋಕೆ ಮೆಕ್ಯಾನಿಕ್‌ಗೆ ಹೇಳಿದೀನಿ."

ಅವಳು ಆ ನಲವತ್ತೊಂದು ಕಡೆಯ ಪಟ್ಟಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಮನೆಗೆ ಬಂದಳು. ಎಲ್ಲ ಕೇಳಿಸಿಕೊಂಡ ಗಂಡ, "ಫೋನ್ ಇಲ್ಲಿ ಕೊಡೇ. ನೀನು ನಂಬರ್ ಓದು," ಎಂದ. ಅವನ ಬೆರಳು ಗುಂಡಿಗಳ ಮೇಲೆ ತಡವರಿಸದೆ ಓಡಿತು. ಕೆಲವರು ಬೈದರು, ಕೆಲವರು ಅರ್ಧಕ್ಕೇ ಇಟ್ಟರು, ಒಬ್ಬಳು ಅತ್ತಳು. ನಾಲ್ಕು ದಿನದಲ್ಲಿ ಮೂವತ್ತಾರು ಕಡೆ ಸಿಕ್ಕರು. ಅದರಲ್ಲಿ ಒಂಬತ್ತು ಕಡೆ ಅದೇ ಪೆಟ್ಟಿಗೆ ತುಂಬುತ್ತಿತ್ತು. ಉಳಿದ ಐದು ನಂಬರುಗಳು ಎಷ್ಟು ಒತ್ತಿದರೂ ಎತ್ತುವವರಿಲ್ಲದೆ ಬಡಿದುಕೊಂಡವು.

ಐದನೇ ದಿನ ಅವಳ ಮೇಜಿನ ಮೇಲೆ ಕಾಗದವಿತ್ತು. 'ಕರಡು ತಿದ್ದುವವರ ಕಣ್ತಪ್ಪಿನಿಂದ' ಎಂದು ಶುರುವಾಗಿ, ನಾಳೆಯಿಂದ ಬರಬೇಕಿಲ್ಲವೆಂದು ಮುಗಿದಿತ್ತು. ಸಹಿ ತನ್ನದೇ ತಾನೇ, ಯಾರೊಡನೆ ಜಗಳ ಆಡುವುದು?

ಒಂದು ಕರೆ ಮಾತ್ರ ಅವಳು ಗಂಡನಿಂದ ಮಾಡಿಸಿರಲಿಲ್ಲ. ಐದು ಸಲ ಸಂದೇಶ ಬಿಟ್ಟಿದ್ದ ಆ ಗಂಡಸಿಗೆ ಅಂದು ತಾನೇ ಮಾಡಿದಳು. ತಾನು ಯಾರು, ಏನಾಯಿತು, ಮುಚ್ಚುಮರೆಯಿಲ್ಲದೆ ಹೇಳಿದಳು.

"ಬೇರೆ ಆಸ್ಪತ್ರೆಗೆ ಕರ್ಕೊಂಡು ಹೋಗೋ ಹೊತ್ತಿಗೆ ಗಾಯದ ನಂಜು ಮೈಗೆಲ್ಲ ಏರಿತ್ತು, ಉಳೀಲಿಲ್ಲ. ಅಕ್ಷರ ಓರೆ ಇದ್ದಿದ್ರೆ ಸಾಕಿತ್ತಾ?"

"ಸಾಕಿತ್ತು, ಅಣ್ಣಾ."

ಆಮೇಲೆ ಅವನು ಕೇಳಿದ: "ನಾನು ಮಾತಾಡಿದ್ದು ಅದ್ರಲ್ಲಿ ಇದೆಯಾ? ಅವಳೂ ಏನೋ ಹೇಳ್ತಿದ್ಲು ಪಕ್ಕದಲ್ಲಿ. ಅವಳ ದನಿ ನನ್ನ ಹತ್ರ ಎಲ್ಲೂ ಇಲ್ಲ."

ಓರೆಯಕ್ಕ ಫೋನಿಟ್ಟವಳೇ ಮೆಕ್ಯಾನಿಕ್‌ಗೆ ಕರೆ ಮಾಡಿದಳು. ದಿನ ತಳ್ಳುತ್ತಾ ಬಂದಿದ್ದ ಅವನು ಅಂದೇ ಅಳಿಸಲು ಆಸ್ಪತ್ರೆಗೆ ಬಂದು ಮುಟ್ಟಿದ್ದ. "ಕೈ ತೆಗೀರಿ, ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು. ಅವನು ಕೈ ತೆಗೆದ. ಆ ಐದು ಸಂದೇಶಗಳನ್ನು ಆಸ್ಪತ್ರೆಯ ಡಾಕ್ಟರನ್ನು ಕೇಳಿಕೊಂಡು ಪುಟ್ಟ ಪೆನ್‌ಡ್ರೈವಿಗೆ ಇಳಿಸಿ ಕೊಟ್ಟ.

ಆ ಮನೆ ಮೂರನೇ ಮಹಡಿಯಲ್ಲಿತ್ತು. ಬಾಗಿಲು ತೆಗೆದವನು ಒಳಗೆ ಬನ್ನಿ ಎನ್ನಲಿಲ್ಲ. ಪೆನ್‌ಡ್ರೈವನ್ನು ಎರಡೂ ಕೈಯಲ್ಲಿ ತೆಗೆದುಕೊಂಡ.

"ನೀವು ಕೇಳಿದ್ರಾ?"

"ಕೇಳಿದೆ."

"ಎಲ್ಲಾನೂ?"

"ಎಲ್ಲಾನೂ."

ಅವನು ತಲೆಯಾಡಿಸಿ, ಸದ್ದಾಗದಂತೆ ಬಾಗಿಲು ಹಾಕಿಕೊಂಡ. ಅವಳು ಒಂದು ಮಹಡಿ ಇಳಿದಳು. ಅಲ್ಲೇ, ಎರಡನೇ ಮಹಡಿಯ ತಿರುವಿನಲ್ಲಿ, ಹೋಗಿಬರುವವರಿಗೆ ದಾರಿ ಬಿಟ್ಟು ಗೋಡೆಗೊರಗಿ ಕೂತಳು.