ಪಾಪಮ್ಮಾಳ್ ಮನೆಯ ಒಳಮಾತು

ನಮ್ಮ ದೊಡ್ಡಮ್ಮ ಪಾಪಮ್ಮಾಳ್ ಈಗ ಹೆಚ್ಚು ಮಾತಾಡುವುದಿಲ್ಲ. ತಮಿಳುನಾಡಿನ ನಮ್ಮ ಕಂಬಂ ಕಣಿವೆಯಲ್ಲಿ ಇದನ್ನು ಯಾರಿಗೆ ಹೇಳಿದರೂ ಮೊದಲು ನಗುತ್ತಾರೆ, ಆಮೇಲೆ ಡಾಕ್ಟರಿಗೆ ತೋರಿಸಿದಿರಾ ಎಂದು ಕೇಳುತ್ತಾರೆ. ಆಕೆಗೆ ಕಾಯಿಲೆ ಏನೂ ಇಲ್ಲ. ಆವತ್ತು ಪಳ್ಳಿಕೂಡದ, ಅಂದರೆ ಶಾಲೆಯ, ಸಭಾಂಗಣದಲ್ಲಿ ನಾನೂ ಕೂತಿದ್ದೆ. ಕೇಳಿಸಿಕೊಂಡ ನನಗೇ ಇನ್ನೂ ಗಾಬರಿ ಬಿಟ್ಟಿಲ್ಲ, ಇನ್ನು ಆಕೆಯ ಪಾಡು ಹೇಗಿರಬೇಡ.

ದೊಡ್ಡಪ್ಪ ಹಾಸಿಗೆ ಹಿಡಿದ ಮೇಲೆ ದ್ರಾಕ್ಷಿ ತೋಟವನ್ನು ಒಬ್ಬಳೇ ನಡೆಸಿದ ಹೆಂಗಸು ಆಕೆ. ಮಾತೇ ಆಕೆಯ ಬಂಡವಾಳ. ನಮ್ಮವರು ಈ ಸೀಮೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ಗೊತ್ತಿಲ್ಲ. ಬೀದಿಗೆ ಇಳಿದರೆ ತಮಿಳು, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ಆ ಕನ್ನಡ ಕೇಳಿದರೆ ಮೈಸೂರಿನವರು ಹುಬ್ಬೇರಿಸುತ್ತಾರೆ. ಏರಿಸಲಿ, ನಮಗೇನು. ಕೇರಳದ ವ್ಯಾಪಾರಿ ಚಪ್ಪರದ ಕೆಳಗೆ ನಿಂತು ಗೊಂಚಲು ಹಿಡಿದು ನೋಡುತ್ತಿದ್ದರೆ ದೊಡ್ಡಮ್ಮ ಅವನಿಗೆ ತಮಿಳಿನಲ್ಲಿ ಅಣ್ಣಾ, ಮೋರು ಕುಡಿಯಿರಿ ಎಂದು ಉಪಚಾರ ಮಾಡುತ್ತಲೇ, ಪಕ್ಕಕ್ಕೆ ತಿರುಗಿ ಮಗನಿಗೆ ಕನ್ನಡದಲ್ಲಿ, "ಇವ ಮಾ ಕಳ್ಳ, ರೇಟ್ನಾಗೆ ಇಳಿಬ್ಯಾಡ, ಅಲ್ಲೇ ನಿಂತ್ಕ" ಎನ್ನುತ್ತಿದ್ದರು. ವ್ಯಾಪಾರಿ ಮಜ್ಜಿಗೆ ಕುಡಿದು ನಗುತ್ತಿದ್ದ. ದೊಡ್ಡಮ್ಮ ಒಂದು ಸಲವೂ ಸಿಕ್ಕಿಬೀಳಲಿಲ್ಲ. ಹಾಗಾಗಿ ನಮ್ಮ ಮಾತೆಂದರೆ ಬಾಗಿಲು ಹಾಕಿದ ಕೋಣೆ ಎಂದೇ ಆಕೆ ನಂಬಿಬಿಟ್ಟಿದ್ದರು.

ಮಗ ಮುತ್ತುಕುಮಾರ್ ಚಿಕ್ಕವನಿದ್ದಾಗ ಈ ಭಾಷೆಗಾಗಿ ಪಳ್ಳಿಕೂಡದಲ್ಲಿ ಗೇಲಿಗೆ ಸಿಕ್ಕಿ ಅಳುತ್ತ ಬರುತ್ತಿದ್ದ. ಮೊಮ್ಮಗುವಿಗೆ ಆ ಕಾಟ ಬೇಡವೆಂದು ದೊಡ್ಡಮ್ಮ ಯುವಶ್ರೀಯ ಹತ್ತಿರ ಹುಟ್ಟಿದಾಗಿನಿಂದ ತಮಿಳೇ ಆಡಿದರು. ಅದೂ ಅಜ್ಜಿಗೆ ಪಾಟ್ಟಿ, ಪಾಟ್ಟಿ ಎಂದು ತಮಿಳಿನಲ್ಲೇ ಉತ್ತರ ಕೊಡುತ್ತಿತ್ತು. ಹೀಗೆ ಮಗುವಿಗೆ ನಮ್ಮ ಮಾತು ಬರುವುದಿಲ್ಲ ಎಂದು ಮನೆಯವರೆಲ್ಲ ತೀರ್ಮಾನಿಸಿದರು. ಮಗುವಿನ ಕಿವಿಗೆ ಬೀಳಬಾರದ್ದನ್ನೆಲ್ಲ, ದೊಡ್ಡಪ್ಪನ ಬಗ್ಗೆ ಡಾಕ್ಟರು ಕೈಚೆಲ್ಲಿದ್ದನ್ನೂ ಸೇರಿಸಿ, ಅದರ ಎದುರಿಗೇ ಕನ್ನಡದಲ್ಲಿ ಆಡಿದರು. ನಮ್ಮ ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಇದೇ ಪದ್ಧತಿ.

ಈ ವರ್ಷ ಯುವಶ್ರೀ ಹನ್ನೊಂದನೆಯ ತರಗತಿ. ಒಂದು ದಿನ ಜಡೆ ಕತ್ತರಿಸಿಕೊಂಡು ಹೋಗಿ ಟೀಚರ್ ತಿಲಗವತಿಗೆ, ನಾನು ಹುಡುಗಿಯಲ್ಲ, ನನ್ನನ್ನು ಯುವ ಎಂದು ಕರೆಯಿರಿ ಎಂದಿತು. ಅವಳು ಎನ್ನಬೇಕೋ ಅವನು ಎನ್ನಬೇಕೋ ಎಂದು ಇಡೀ ತಾಲ್ಲೂಕು ಜುಟ್ಟು ಹಿಡಿದು ಜಗಳವಾಡುತ್ತಿದೆ. ನಾನು ಮಗು ಎಂದೇ ಬರೆಯುತ್ತೇನೆ, ಯಾರಿಗೆ ಬೇಜಾರಾದರೂ ಸರಿ.

ಅದೇ ಹೊತ್ತಿಗೆ ದಿಂಡುಕ್ಕಲ್ಲಿನ ಒಂದು ಟ್ರಸ್ಟಿನವರು ಇಂಥ ಮಕ್ಕಳಿಗಾಗಿಯೇ ಕೊಡೈಕಾನಲ್ ಇಳಿಜಾರಿನಲ್ಲಿ ಬೇರೆ ವಸತಿ ಪಳ್ಳಿಕೂಡ ತೆರೆಯುತ್ತೇವೆ ಎಂದು ಪ್ರಕಟಿಸಿದರು. ಟೀವಿಯಲ್ಲಿ ನಾಲ್ಕು ಜನ ಕೂತು ಕಿರುಚಾಡಿದ್ದು ಸಾಲದೆಂದು ಟೀ ಅಂಗಡಿಯಲ್ಲೂ ಮದುವೆ ಪಂಕ್ತಿಯಲ್ಲೂ ಅದೇ ಚರ್ಚೆ. ಪಾಪ, ಅಲ್ಲಾದರೆ ಯಾರೂ ಕಾಡುವುದಿಲ್ಲ, ನೆಮ್ಮದಿಯಾಗಿ ಓದಿಕೊಳ್ಳುತ್ತವೆ ಎಂದರು ಕೆಲವರು. ನಮ್ಮ ಮಕ್ಕಳು ಕೆಡುವುದು ತಪ್ಪುತ್ತದೆ ಎಂದರು ಇನ್ನು ಕೆಲವರು. ತಿಲಗವತಿಯೊಬ್ಬಳೇ ಎದುರು ನಿಂತಳು. ಬೇರೆ ಲೋಟ, ಬೇರೆ ಬಾವಿ ಎಂದು ಇಟ್ಟವರು ನಾವೇ, ಈಗ ಬೇರೆ ಬೆಂಚು ಬೇಕೇ, ಕಾಡುವವರಿಗೆ ಬುದ್ಧಿ ಹೇಳದೆ ಕಾಡಿಸಿಕೊಂಡವರನ್ನು ಆಚೆ ಹಾಕುವುದು ಯಾವ ನ್ಯಾಯ ಎಂದು ಕೇಳಿದಳು. ಪಳ್ಳಿಕೂಡದಲ್ಲಿ ಪೋಷಕರ ಸಭೆ ಕರೆದರು. ಟ್ರಸ್ಟಿನವರೂ ಬರುವವರಿದ್ದರು. ಮನೆಯವರು ಒಪ್ಪಿದರೆ ಮಗುವನ್ನು ಆ ವಾರವೇ ಕರೆದುಕೊಂಡು ಹೋಗುವುದು ಎಂದಾಯಿತು.

ಸಭೆಯ ಹಿಂದಿನ ಸಂಜೆ ನಡೆದದ್ದನ್ನು ಆಮೇಲೆ ನನಗೆ ಹೇಳಿದವಳು ಮಗುವಿನ ತಾಯಿ ಪಾಂಡೀಶ್ವರಿ. ಅವಳು ದೋಸೆ ಹೊಯ್ಯುತ್ತಿದ್ದಳು, ಮಗು ತಟ್ಟೆ ಮುಂದೆ ಕೂತಿತ್ತು. ದೊಡ್ಡಮ್ಮ ಮಗನಿಗೆ ಕನ್ನಡದಲ್ಲಿ ಹೇಳಿದರು:

"ಅದ ಬೆಟ್ಟುಕ್ಕೆ ಕಳ್ಸಿ ಕೈ ತೊಳ್ಕಬೇಕು ಕಣಪ್ಪ. ಕೇಳ್ದೋರ್ಗೆ ಹಾಸ್ಟಲ್‌ನಾಗೆ ಓದ್ತೈತೆ ಅಂಬೋದು. ಆಮ್ಯಾಕೆ ಕೇಳೋದ ಅವ್ರೇ ಬುಡ್ತಾರೆ. ನಾವೂ ಹುಟ್ಟೇ ಇಲ್ಲ ಅಂತ ನೆನ್ಸ್ಕಂಡ್ರೆ ಆಯ್ತು."

"ಅಂಗನ್ಬ್ಯಾಡಿ ಅತ್ತೆ, ಪಕ್ಕುದಾಗೇ ಕುಂತೈತೆ," ಎಂದಳು ಪಾಂಡೀಶ್ವರಿ.

"ಕುಂತಿದ್ರೇನು? ಅದುಕ್ಕೆ ನಮ್ ಮಾತು ತೆರಿಯುತ್ತಾ?"

ಅದಕ್ಕೇನೂ ತಿಳಿಯುವುದಿಲ್ಲ ಎಂಬ ಧೈರ್ಯದಲ್ಲಿ ಅಷ್ಟು ಹೇಳಿ ಮಗುವಿನ ಕಡೆ ತಿರುಗಿ, ತಮಿಳಿನಲ್ಲಿ, ಬೆಣ್ಣೆಯಂಥ ದನಿಯಲ್ಲಿ, ಇನ್ನೊಂದು ದೋಸೆ ಹಾಕಿಸಲಾ ನನ್ನ ಕಣ್ಣು ಎಂದು ಕೇಳಿದರು. "ಪೋದುಂ ಪಾಟ್ಟಿ," ಸಾಕು ಎಂದಿತು ಮಗು, ಕೈ ತೊಳೆಯಲು ಎದ್ದುಹೋಯಿತು.

ಮರುದಿನ ಸಭಾಂಗಣ ತುಂಬಿತ್ತು. ಅರ್ಧ ಜನ ನಮ್ಮವರೇ. ದೊಡ್ಡಮ್ಮ ಮೈಕ್ ಹಿಡಿದರು. ಎಲ್ಲ ಮಕ್ಕಳೂ ದೇವರು ಕೊಟ್ಟದ್ದೇ, ಈ ಮಗುವಿನ ಒಳ್ಳೆಯದಕ್ಕಾಗಿ ನಾವು ಎದೆ ಕಲ್ಲು ಮಾಡಿಕೊಂಡಿದ್ದೇವೆ ಎಂದು ತಮಿಳಿನಲ್ಲಿ ಸೊಗಸಾಗಿ ಮಾತಾಡಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಆಗ ತಿಲಗವತಿ ಎದ್ದು, ಓದಬೇಕಾದವರನ್ನು ಯಾರಾದರೂ ಕೇಳಿದಿರಾ ಎಂದಳು. ಟ್ರಸ್ಟಿನ ಹೆಂಗಸು ನಗುನಗುತ್ತ ಮೈಕನ್ನು ಮಗುವಿನ ಕೈಗೆ ಕೊಟ್ಟರು.

ಮಗು ಎದ್ದು ನಿಂತು ಅಜ್ಜಿಯ ಮುಖವನ್ನೇ ನೋಡಿತು. ಪಾಟ್ಟಿ ಎನ್ನಲಿಲ್ಲ, ನಮ್ಮ ಮನೆಗಳಲ್ಲಿ ಅಜ್ಜಿಯನ್ನು ಕರೆಯುವ ಹಾಗೆ ಅವ್ವ ಎಂದಿತು.

"ಅವ್ವ. ಬೆಟ್ಟುಕ್ಕೆ ಕಳ್ಸಿ ಕೈ ತೊಳ್ಕಬೇಕು ಅಂದೆ. ಹುಟ್ಟೇ ಇಲ್ಲ ಅಂತ ನೆನ್ಸ್ಕಂಡ್ರೆ ಆಯ್ತು ಅಂದೆ. ನಂಗೆ ಚಿಕ್ಕುದ್ರಿಂದ ಎಲ್ಲಾ ತೆರಿಯುತ್ತೆ. ತಾತ ಉಳಿಯಾಕಿಲ್ಲ ಅಂತ ನೀವು ಪೇಸ್ಕಂಡಿದ್ದೂ ತೆರಿಯುತ್ತೆ, ಒಂಟ್ಯಾಗಿ ಅತ್ತಿದ್ದೆ. ಈ ಮಾತ್ನಾಗೆ ನನ್ನ ಪತ್ತಿ ಪೇಸಿದ್ರಿ. ನನ್ನ ಕೂಡೆ ಒಂದ್ ಕಿತ ಪೇಸ್ಲಿಲ್ಲ."

ತನ್ನ ಬಗ್ಗೆ ಈ ಮಾತಿನಲ್ಲಿ ಆಡಿದವರು ತನ್ನ ಜೊತೆ ಒಂದು ಸಲವೂ ಆಡಲಿಲ್ಲವಂತೆ. ನಮ್ಮವರ ಮುಖಗಳೆಲ್ಲ ಬಿಳಿಚಿಕೊಂಡವು. ಒಬ್ಬೊಬ್ಬರೂ ತಮ್ಮ ತಮ್ಮ ಮಕ್ಕಳ ಕಡೆ ತಿರುಗಿ ನೋಡುತ್ತಿದ್ದರು. ಆಡಬಾರದ್ದನ್ನು ಏನೇನು ಆಡಿದ್ದೇವೆ ಎಂದು ಮನಸ್ಸಿನಲ್ಲೇ ತಡಕಾಡುತ್ತಿದ್ದಿರಬೇಕು. ಭಾಷೆ ತಿಳಿಯದ ಉಳಿದರ್ಧ ಜನ ಮಾತ್ರ ಕಣ್ಣು ಕಣ್ಣು ಬಿಡುತ್ತಿದ್ದರು. ಟ್ರಸ್ಟಿನ ಹೆಂಗಸು ಇನ್ನೂ ನಗುತ್ತಲೇ, ನಿಮ್ಮ ಭಾಷೆ ಎಷ್ಟು ಚೆನ್ನಾಗಿದೆ ಪಾಟ್ಟಿ, ಮಗು ಏನು ಹೇಳಿತು ಎಂದು ದೊಡ್ಡಮ್ಮನನ್ನು ಕೇಳಿದರು.

ಏನು ಬೇಕಾದರೂ ಹೇಳಬಹುದಿತ್ತು. ಹೋಗಲು ಸಂತೋಷವಂತೆ ಎಂದಿದ್ದರೂ ನಡೆಯುತ್ತಿತ್ತು. ನಮ್ಮವರು ಯಾರೂ ಬಾಯಿ ಬಿಡುತ್ತಿರಲಿಲ್ಲ, ಅದು ನನಗೆ ಖಂಡಿತ ಗೊತ್ತು. ದೊಡ್ಡಮ್ಮ ಕುರ್ಚಿಯ ಬೆನ್ನು ಹಿಡಿದುಕೊಂಡು ನಿಂತರು. ಆಮೇಲೆ ಸ್ಪಷ್ಟ ತಮಿಳಿನಲ್ಲಿ ಹೇಳಿದರು: ನಾನು ನಿನ್ನೆ ಮನೆಯಲ್ಲಿ ಆಡಿದ್ದನ್ನು ಅದು ಹೇಳಿತು. ಇದನ್ನು ಕಳಿಸಿ ಕೈ ತೊಳೆದುಕೊಳ್ಳೋಣ, ಹುಟ್ಟಿಯೇ ಇಲ್ಲ ಎಂದುಕೊಂಡರಾಯಿತು ಎಂದಿದ್ದೆ. ಅದರ ಒಳ್ಳೆಯದಕ್ಕೆ ಎಂದು ಈಗ ನಾನು ಹೇಳಿದ್ದು ಸುಳ್ಳು.

ಟ್ರಸ್ಟಿನ ಹೆಂಗಸಿನ ನಗು ಹೋಗುವುದೋ ಇರುವುದೋ ತಿಳಿಯದೆ ಮುಖದ ಮೇಲೇ ಉಳಿದಿತ್ತು. ದೊಡ್ಡಮ್ಮ ತಡವರಿಸುತ್ತ ಮೊಮ್ಮಗುವಿನ ಹತ್ತಿರ ಹೋಗಿ ಅದರ ಮುಂಗೈ ಹಿಡಿದರು. ಹುಟ್ಟಿದಾಗಿನಿಂದ ಮೊದಲ ಸಲ ಅದರ ಹತ್ತಿರ ನಮ್ಮ ಮಾತು ಆಡಿದರು.

"ಬ್ಯಾಡ ಕಣ್ಣು. ಬೆಟ್ಟುಕ್ಕೆ ಹೋಗ್ಬ್ಯಾಡ. ಮನೇಲೇ ಇರು, ಇಲ್ಲೇ ಓದು. ಯಾವ ಹೆಸ್ರು ಬೇಕೋ ಇಕ್ಕ. ಯಾರಾರ ಏನಾರ ಅಂದ್ರೆ ನಾನು ಕೇಳ್ತೀನಿ."

ತಿಲಗವತಿ ಕಣ್ಣೊರೆಸಿಕೊಂಡಳು. ಪಾಂಡೀಶ್ವರಿ ಆಗಲೇ ಮಗುವಿನ ಚೀಲವನ್ನು ಹೆಗಲಿಗೇರಿಸಿ ಮನೆಗೆ ಹೊರಡಲು ಎದ್ದಿದ್ದಳು. ಸದ್ಯ, ಎಲ್ಲ ಸರಿಹೋಯಿತು ಎಂದುಕೊಂಡೆ ನಾನು.

ಮಗು ಅಜ್ಜಿಯ ಬೆರಳುಗಳನ್ನು ಮೆಲ್ಲಗೆ ಬಿಡಿಸಿತು. ಅದರ ದನಿಯಲ್ಲಿ ಸಿಟ್ಟಿರಲಿಲ್ಲ.

"ನಾನು ಹೋಗ್ತೀನವ್ವ. ಅಲ್ಲಿ ಯಾರ್ಗೂ ಈ ಮಾತು ಬರಾಕಿಲ್ಲ."

ಆಮೇಲೆ ಟ್ರಸ್ಟಿನ ಹೆಂಗಸಿನ ಕಡೆ ತಿರುಗಿ, ತಮಿಳಿನಲ್ಲಿ, ಯಾವತ್ತು ಹೊರಡಬೇಕು ಎಂದು ಕೇಳಿತು.