ತಿಮಿಂಗಿಲದ ಹಣೆಗೆ ವಿಭೂತಿ

ಸರಸ್ವತಿಪುರಂನ ನಮ್ಮ ಮನೆಯ ವರಾಂಡದಲ್ಲಿ ಕೂತು ನಾನು ಮನೆಗಳಿಗೆ ನಾಮಫಲಕ ಬರೆದುಕೊಡುತ್ತೇನೆ. ಹೆಸರಿನ ಪಕ್ಕ ಒಂದು ಗಣಪತಿ, ಇಲ್ಲವೇ ಎರಡು ಗಿಳಿ. ನಮ್ಮೂರಿನ ಗಿರಾಕಿಗಳ ಕಲ್ಪನೆ ಇವೆರಡನ್ನು ದಾಟುವುದು ಅಪರೂಪ. ಹಾಗಾಗಿ ಯಾದವಗಿರಿಯ ಬಂಗಲೆಯೊಂದರ ಯಜಮಾನಿ ಫೋನ್ ಮಾಡಿ, "ನಿಮಗೆ ಆಕ್ಟೋಪಸ್ ಬರೆಯೋಕೆ ಬರುತ್ತಾ?" ಎಂದು ಕೇಳಿದಾಗ ಹಿಂದುಮುಂದು ನೋಡದೆ "ಬರುತ್ತೆ" ಅಂದುಬಿಟ್ಟೆ.

ಆಕೆ ವಿದೇಶ ಪ್ರವಾಸದಲ್ಲಿ ಒಂದು ಆಟ ನೋಡಿ ಬಂದಿದ್ದರು. ಹುಲ್ಲಿನ ಮೇಲೆ ಎರಡು ಮರದ ಹಲಗೆಗಳನ್ನು ಇಳಿಜಾರಾಗಿ ನಿಲ್ಲಿಸುತ್ತಾರೆ. ಒಂದೊಂದರಲ್ಲೂ ಒಂದು ತೂತು. ದೂರ ನಿಂತು ಪುಟ್ಟ ಬಟ್ಟೆ ಚೀಲಗಳನ್ನು ಎಸೆದು ಆ ತೂತಿಗೆ ಬೀಳಿಸಬೇಕು. ಹಲಗೆಗಳನ್ನು ಮೇಟಗಳ್ಳಿಯ ಬಡಗಿಯೊಬ್ಬರಿಂದ ಮಾಡಿಸಿಟ್ಟಿದ್ದರು. ಅವರ ಮದುವೆಯ ವಾರ್ಷಿಕೋತ್ಸವದ ಪಾರ್ಟಿಗೆ 'ಥೀಮ್' ಸಮುದ್ರವಂತೆ. ಮೈಸೂರಿಗೆ ಸಮುದ್ರ ಎಲ್ಲಿಂದ ಬಂತು ಎಂದು ನಾನು ಕೇಳಲಿಲ್ಲ.

ಬಂಗಲೆಗೆ ಹೋಗಿ ಬಣ್ಣದ ಡಬ್ಬಿ ತೆರೆಯುವಷ್ಟರಲ್ಲಿ ಅವರ ಅತ್ತೆ, ವಯಸ್ಸಾದ ಅಜ್ಜಿ, ಹೊರಗೆ ಬಂದರು. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ.

"ಏನಮ್ಮ ಬರೀತೀಯ?"

"ಮೀನು, ಏಡಿ, ಆಕ್ಟೋಪಸ್..."

"ಈ ಮನೆಗೆ ಮೊಟ್ಟೆ ಕೂಡ ಬಂದಿಲ್ಲ. ನೀನು ಬಾಗಿಲಲ್ಲೇ ಏಡಿ ನಿಲ್ಲಿಸ್ಬುಡ್ತೀಯಾ?"

"ಬರೀ ಚಿತ್ರ ಅತ್ತೆ," ಎಂದರು ಸೊಸೆ.

"ಮಠದವರು ಬಂದ್ರೆ ಅವರಿಗೆ ನೀನೇ ಹೇಳು ಹಂಗಂತ."

ಸಭೆ ಸೇರಿತು. ಆಫೀಸಿಗೆ ಹೊರಟಿದ್ದ ಯಜಮಾನರೂ ಬಂದು ಕೂತರು. ಯಾರೂ ತಿನ್ನದ ಸಮುದ್ರಜೀವಿ ಯಾವುದು ಎಂಬುದು ಚರ್ಚೆಯ ವಿಷಯ. ಆಮೆ ಎಂದೆ. "ಕೂರ್ಮಾವತಾರ. ದೇವರ ಮೇಲೆ ಚೀಲ ಎಸೆಯೋಕಾಗುತ್ತಾ?" ಎಂದರು ಯಜಮಾನರು. ಆಕ್ಟೋಪಸ್ ಚಿತ್ರವನ್ನು ಫೋನಿನಲ್ಲಿ ನೋಡಿದ ಅಜ್ಜಿ, "ಎಂಟು ಕೈ ಇದೆ. ಕೆಲಸದವಳು ನೋಡಿದ್ರೆ ಕುಂಕುಮ ಇಟ್ಬುಡ್ತಾಳೆ," ಎಂದು ತಳ್ಳಿಹಾಕಿದರು.

ಕೊನೆಗೆ ನನಗೇ ಸಾಕಾಗಿ, "ತಿಮಿಂಗಿಲ ಬರೀಲಾ ಅಮ್ಮ? ಅದು ಮೀನೇ ಅಲ್ಲ. ಮರಿ ಹಾಕುತ್ತೆ, ಹಾಲು ಕೊಡುತ್ತೆ," ಎಂದೆ.

ಅಜ್ಜಿಯ ಮುಖ ಅರಳಿತು. "ಹಾಲು ಕೊಡುತ್ತಾ? ಹಸು ಇದ್ದಂಗೆ ಅನ್ನು. ಬರಿ ಮತ್ತೆ."

ಅದು ಏನು ತಿನ್ನುತ್ತದೆ ಎಂದು ಪುಣ್ಯಕ್ಕೆ ಯಾರೂ ಕೇಳಲಿಲ್ಲ.

ಒಂದು ಹಲಗೆಯಲ್ಲಿ ತಾಯಿ, ಇನ್ನೊಂದರಲ್ಲಿ ಮರಿ. ತೂತೇ ಬಾಯಿ. ಅಜ್ಜಿ ದಿನವೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಚೀಲಗಳಿಗೆ ಕಾಳು ತುಂಬಿಸಲು ಹೊರಟಿದ್ದ ಸೊಸೆಯನ್ನು ತಡೆದು, ಅನ್ನ ಆಗುವುದನ್ನು ಎಸೆಯಬಾರದೆಂದು ಹುಣಿಸೆ ಬೀಜ ತುಂಬಿಸಿದರು. ಪಾರ್ಟಿಯ ದಿನ ಬೆಳಿಗ್ಗೆ ನಾನು ಕುಂಚ ತೊಳೆಯುತ್ತಿದ್ದಾಗ, "ಹಣೆ ಬೋಳು ಕಾಣ್ತಿದೆ ಕಣಮ್ಮ. ಮೂರು ಗೆರೆ ಎಳೆದ್ಬುಡು. ಮರಿಗೊಂದು ದೃಷ್ಟಿಬೊಟ್ಟು," ಎಂದರು. ನನ್ನೊಳಗಿನ ಕಲಾವಿದೆ ಪ್ರತಿಭಟಿಸಿದಳು. ಅಷ್ಟರಲ್ಲಿ ಒಳಗಿನಿಂದ ಬಿಸಿ ಮೈಸೂರುಪಾಕ್ ಬಂತು. ಕಲಾವಿದೆ ಗೆರೆಯನ್ನೂ ಎಳೆದಳು, ಬೊಟ್ಟನ್ನೂ ಇಟ್ಟಳು.

ಸೊಸೆ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡರು. ಅಳಿಸಿ ಮತ್ತೆ ಬರೆದರೆ ಸಂಜೆಗೆ ಒಣಗುವಂತಿರಲಿಲ್ಲ.

ಅತಿಥಿಗಳು ಬಂದರು. ಮೊದಲಿಗೆ ಎಲ್ಲರೂ ಹಲಗೆಯ ಮುಂದೆ ನಿಂತು ಆ ಹಣೆಯನ್ನೇ ನೋಡಿದರು. ದೇಶ ಸುತ್ತಿದವರೆಂದು ಹೆಸರಾದ ಮಹನೀಯರೊಬ್ಬರು ಕನ್ನಡಕ ಸರಿಪಡಿಸಿಕೊಂಡು, "ಈ ಜಾತಿಯನ್ನ ನಾನು ನಾರ್ವೆಯಲ್ಲಿ ಹಡಗಿನಿಂದಲೇ ನೋಡಿದ್ದೀನಿ. ಹಣೆ ಮೇಲೆ ಮೂರು ಬಿಳಿ ಪಟ್ಟೆ. ಬಹಳ ಅಪರೂಪ ಕಣ್ರೀ," ಎಂದರು.

"ಹೌದು, ಅದೇ ಜಾತಿ," ಎಂದರು ಸೊಸೆ, ಕಣ್ಣು ಮಿಟುಕಿಸದೆ. ಎಲ್ಲರೂ ಸರದಿಯಲ್ಲಿ ನಿಂತು ಫೋಟೋ ತೆಗೆಸಿಕೊಂಡರು.

ಆದರೆ ಆಡುವವರೇ ಇಲ್ಲ. ರೇಷ್ಮೆ ಸೀರೆಯವರ ಎತ್ತರದ ಹಿಮ್ಮಡಿಯ ಚಪ್ಪಲಿ ಹುಲ್ಲಿನಲ್ಲಿ ಹೂತುಹೋಗುತ್ತಿತ್ತು. ಗಂಡಸರಿಗೆ ಗುರಿ ತಪ್ಪಿದರೆ ಮಾನ ಹೋಗುವ ಭಯ. ಆಗ ಅಜ್ಜಿ ವರಾಂಡದಿಂದ ಇಳಿದು, ಸೆರಗು ಸೊಂಟಕ್ಕೆ ಸಿಕ್ಕಿಸಿ, ಚೀಲವೊಂದನ್ನು ಬೀಸಿ ಎಸೆದರು. ಅದು ನಾರ್ವೆಯವರ ಶೂ ಮೇಲೆ ಬಿತ್ತು. ಇನ್ನೊಂದು ಎಸೆದರು. ನೇರ ಬಾಯಿಗೆ.

"ನುಂಗ್ತು ನೋಡ್ರೋ!" ಎಂದು ಅಜ್ಜಿ ಕೂಗಿದರು.

ಹುಲ್ಲಿನ ತುಂಬ ನಗು. ಸೊಸೆ ಚಪ್ಪಲಿ ಬಿಟ್ಟು ಬಂದು ನಿಂತರು. ಎಸೆದದ್ದೆಲ್ಲ ದಾಸವಾಳದ ಗಿಡಕ್ಕೆ ಹೋಯಿತು. "ಮೊಣಕೈ ಬಗ್ಗಿಸ್ಬೇಡ ಕಣೇ," ಎಂದು ಅತ್ತೆ ಆಕೆಯ ಕೈ ಹಿಡಿದು ತೋರಿಸಿದರು. ಆ ಇಬ್ಬರು ಅಷ್ಟು ಹತ್ತಿರ ನಿಂತದ್ದನ್ನು ನಾನು ಅದೇ ಮೊದಲು ನೋಡಿದ್ದು. ಊಟದ ಮೇಜಿನ ಪಕ್ಕ ನಿಂತಿದ್ದ ನನಗೆ, ಇಷ್ಟು ವರ್ಷ ಬರೆದ ಗಿಳಿಗಳು ಯಾರನ್ನೂ ಹೀಗೆ ನಗಿಸಲಿಲ್ಲವಲ್ಲ ಅನಿಸಿತು.

ಆಮೇಲೆ ಯಾದವಗಿರಿಯಿಂದ ಆರ್ಡರುಗಳು ಬಂದವು. ಎಲ್ಲರಿಗೂ ಅದೇ ನಾರ್ವೆ ಜಾತಿಯೇ ಬೇಕು. ಅಯ್ಯಂಗಾರ್ ಮನೆಯೊಂದರವರು ಮಾತ್ರ, ಪಟ್ಟೆ ಅಡ್ಡಕ್ಕೆ ಬೇಡ, ಉದ್ದಕ್ಕೆ ಬರಲಿ ಎಂದರು.

ಮೊನ್ನೆ ಅಜ್ಜಿಯೇ ಫೋನ್ ಮಾಡಿದರು. ತಿಮಿಂಗಿಲದ ಬಾಯಿಯ ಸುತ್ತ ಬಣ್ಣವೆಲ್ಲ ಎದ್ದುಹೋಗಿದೆಯಂತೆ. ಹೋಗಿ ನೋಡಿದರೆ ಅಕ್ಕಪಕ್ಕದ ಹೆಂಗಸರು ಸೇರಿ ಆಟ ನಡೆದಿತ್ತು. ಹುಲ್ಲು ಅಲ್ಲಲ್ಲಿ ಸವೆದು ಮಣ್ಣು ಕಾಣುತ್ತಿತ್ತು. "ಬಣ್ಣ ಆಮೇಲೆ ಬಳಿಯುವಿಯಂತೆ, ಒಬ್ಬರು ಕಮ್ಮಿ ಇದ್ದೀವಿ," ಎಂದು ಅಜ್ಜಿ ನನ್ನ ಕೈಗೆ ಚೀಲ ಕೊಟ್ಟರು.